ಜಗಲಿ ಮೇಲಿನ ಈರುಳ್ಳಿ ಒಟ್ಲು

ಈರುಳ್ಳಿ ಬೀಜವನ್ನು ಮನೆಯೊಳಗೆ ಬಿತ್ತಿ ಸಸಿ ಮಾಡಿಕೊಳ್ಳುವುದು ಇಂಗ್ಲೆಂಡ್, ಕೆನಡಾದಂಥ ಚಳಿ ದೇಶಗಳಲ್ಲಿ ಹಳೆಯ ರೂಢಿ. ಅಲ್ಲಿ ಜನವರಿ–ಫೆಬ್ರವರಿಯಲ್ಲಿ ಹೊರಗಿನ ಮಣ್ಣು ಹೆಪ್ಪುಗಟ್ಟಿರುತ್ತದೆ, ಇಲ್ಲವೇ ಬಿತ್ತಲಾಗದಷ್ಟು ತಣ್ಣಗಿರುತ್ತದೆ. ಹಾಗಾಗಿ ಕಿಟಕಿ ಪಕ್ಕ ತಟ್ಟೆ ಇಟ್ಟು, ಮೇಲೆ ದೀಪ ಉರಿಸಿ, ಕೆಳಗೆ ಬಿಸಿ ಚಾಪೆ ಹಾಸಿ ಸಸಿ ಬೆಳೆಸುತ್ತಾರೆ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಹಾದಿಯ ಕವಲಂದೆಯಲ್ಲಿ ಇದ್ಯಾವುದೂ ಬೇಕಿಲ್ಲ. ಇಲ್ಲಿ ಹಿಮ ಬೀಳುವುದಿಲ್ಲ, ಮಣ್ಣು ವರ್ಷವಿಡೀ ಬೆಚ್ಚಗಿರುತ್ತದೆ. ಆದರೂ ಮೊದಲ ಸಲ ಈರುಳ್ಳಿ ಬೆಳೆಯಲು ಹೊರಟವರಿಗೆ ನಾನು ಸೂರಿನ ಕೆಳಗೆ ಒಟ್ಲು ಬಿಡಿ ಎಂದೇ ಹೇಳುತ್ತೇನೆ. ಅವರು ಚಳಿಗೆ ಹೆದರಿ ಮನೆಯೊಳಗೆ ಬಿತ್ತುತ್ತಾರೆ, ನಾವು ಮಳೆಗೆ ಹೆದರಿ ಬಿತ್ತಬೇಕು.

ಮೈಸೂರು ಸೀಮೆಯಲ್ಲಿ ಮಳೆ ವರ್ಷಕ್ಕೆ ಎರಡು ಸಲ ಜೋರಾಗುತ್ತದೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಮನೆ ಬಳಕೆಗೆ ಒಳ್ಳೆಯ ಗೆಡ್ಡೆ ಬೇಕೆಂದರೆ ಹಿಂಗಾರಿನ ಈರುಳ್ಳಿಯೇ ಸರಿ. ನವೆಂಬರ್ ಕೊನೆಗೆ ನಾಟಿ ಮಾಡಿದರೆ ತಂಪು ದಿನಗಳಲ್ಲಿ ಎಲೆ ಬೆಳೆದು, ಫೆಬ್ರವರಿಯ ಒಣ ಬಿಸಿಲಲ್ಲಿ ಗೆಡ್ಡೆ ಕಟ್ಟಿ, ನಂಜನಗೂಡಿನ ದೊಡ್ಡ ಜಾತ್ರೆಯ ಆಸುಪಾಸಿಗೆ ಕೀಳಲು ಬರುತ್ತದೆ. ಏಪ್ರಿಲ್‌ನ ಆಲಿಕಲ್ಲು ಮಳೆ ಬರುವಷ್ಟರಲ್ಲಿ ಗೆಡ್ಡೆ ಅಟ್ಟದ ಮೇಲಿರುತ್ತದೆ. ಆದರೆ ನವೆಂಬರ್ ಕೊನೆಗೆ ಸಸಿ ಕೈಯಲ್ಲಿರಬೇಕಾದರೆ ಬೀಜವನ್ನು ಅಕ್ಟೋಬರ್ ಮೊದಲ ಮೂರು ವಾರದಲ್ಲಿ, ಅಂದರೆ ಹಸ್ತ–ಚಿತ್ತೆ ಮಳೆಯ ನಡುವೆ ಬಿತ್ತಬೇಕು. ಈರುಳ್ಳಿ ಮೊಳಕೆ ಹುಲ್ಲಿನ ಎಳೆಗಿಂತ ಸಣ್ಣದು. ಚಿತ್ತೆಯ ಒಂದು ಸಂಜೆ ಮಳೆ ಸಾಕು, ಹಿತ್ತಲಿನ ಪಾತಿಯಲ್ಲಿ ಬೀಜ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗಲು. ಕೆಮ್ಮಣ್ಣಾದರೆ ಮಳೆ ನಿಂತ ಮಾರನೇ ದಿನದ ಬಿಸಿಲಿಗೆ ಮೇಲ್ಪದರ ಹೆಕ್ಕಳಗಟ್ಟುತ್ತದೆ, ಅದನ್ನು ಒಡೆದು ಬರುವ ಶಕ್ತಿ ಈ ಮೊಳಕೆಗಿಲ್ಲ. ಎರೆಮಣ್ಣಾದರೆ ನೀರು ನಿಂತು ಬುಡ ಕೊಳೆಯುತ್ತದೆ. ಉಳಿದದ್ದನ್ನು ಕೋಳಿ ಕೆದಕುತ್ತದೆ.

ಚಿತ್ರದುರ್ಗ, ಗದಗದ ಕಡೆ ಈರುಳ್ಳಿಯನ್ನು ಹೊಲಕ್ಕೇ ನೇರವಾಗಿ ಬಿತ್ತುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಎಕರೆಗಟ್ಟಲೆ ಬೆಳೆಯುವವರ ಲೆಕ್ಕ. ಹೆಚ್ಚು ಬೀಜ ಬಿತ್ತಿ, ಹುಟ್ಟಿದ್ದರಲ್ಲಿ ಬೇಡದ್ದನ್ನು ಕಿತ್ತು ಹಾಕುವ ಕ್ರಮ ಅದು. ಹಿತ್ತಲಲ್ಲಿ ನೂರು ಗಿಡ ಬೆಳೆಯುವವರು ಒಂದೊಂದು ಸಸಿಯನ್ನೂ ಕಾಪಾಡಿಕೊಳ್ಳಬೇಕು. ಇನ್ನು ನಮ್ಮ ತೆಂಕಲಿಗೆ, ಚಾಮರಾಜನಗರ–ಗುಂಡ್ಲುಪೇಟೆಯಲ್ಲಿ ಬೆಳೆಯುವ ಸಾಂಬಾರ್ ಈರುಳ್ಳಿಯ ದಾರಿ ಬೇರೆ. ಅದನ್ನು ಹೆಚ್ಚಾಗಿ ಗೆಡ್ಡೆಯನ್ನೇ ಬಿಡಿಸಿ ನೆಡುತ್ತಾರೆ, ಒಂದು ನೆಟ್ಟರೆ ಗೊಂಚಲಾಗುತ್ತದೆ. ಈ ಲೇಖನ ಬೀಜದಿಂದ ಬರುವ ದಪ್ಪ ಈರುಳ್ಳಿಯದು.

ಬೀಜ ಬಿತ್ತುವುದಕ್ಕಿಂತ ಮುಂಚೆ ತಳಿ. ಇದನ್ನು ಹೊಸಬರು ಸಲೀಸಾಗಿ ತೆಗೆದುಕೊಳ್ಳುತ್ತಾರೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದೇ. ಈರುಳ್ಳಿ ಗಿಡ ಗೆಡ್ಡೆ ಕಟ್ಟಲು ಶುರುಮಾಡುವುದು ಬಹುಪಾಲು ಹಗಲಿನ ಉದ್ದವನ್ನು ನೋಡಿಕೊಂಡು. 1937ರಲ್ಲಿ ಅಮೆರಿಕದ ಮ್ಯಾಗ್ರೂಡರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆ ತಳಿಗಳನ್ನು ಬೇರೆ ಬೇರೆ ಹಗಲಿನ ಅವಧಿಯಲ್ಲಿ ಬೆಳೆಸಿ ಇದನ್ನು ವಿವರವಾಗಿ ತೋರಿಸಿದರು. ಕೆಲವು ತಳಿಗೆ ಹನ್ನೊಂದು–ಹನ್ನೆರಡು ಗಂಟೆ ಹಗಲು ಸಾಕು. ಯುರೋಪು, ಉತ್ತರ ಅಮೆರಿಕದ ಎಷ್ಟೋ ತಳಿಗಳಿಗೆ ಹದಿನಾಲ್ಕರಿಂದ ಹದಿನಾರು ಗಂಟೆ ಬೇಕು. ಕವಲಂದೆ ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್‌ನ ಹಗಲು ಹನ್ನೊಂದೂವರೆ ಗಂಟೆಗೆ ತುಸು ಕಡಿಮೆ, ಜೂನ್‌ನ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಐಲ್ಸಾ ಕ್ರೇಗ್, ವಾಲಾ ವಾಲಾ ಎಂಬ ಹೆಸರಿನ, ಚೆಂದದ ಚಿತ್ರದ ಪೊಟ್ಟಣ ತರಿಸಿ ಬಿತ್ತಿದರೆ ಸಸಿ ಬರುತ್ತದೆ, ಎಲೆ ಹುಲುಸಾಗಿ ಬೆಳೆಯುತ್ತದೆ, ಗೆಡ್ಡೆ ಮಾತ್ರ ಕಟ್ಟುವುದಿಲ್ಲ. ಗೊಬ್ಬರ ಸಾಲಲಿಲ್ಲವೇನೋ ಎಂದು ಕೊರಗುತ್ತಾ ಮತ್ತಷ್ಟು ಗೊಬ್ಬರ ಹಾಕುವುದೊಂದೇ ಉಳಿಯುತ್ತದೆ. ಲಂಡನ್ನಿನಲ್ಲಿರುವ ನೆಂಟರು ಊರಿಗೆ ಬಂದಾಗ ಇಲ್ಲಿಯ ಈರುಳ್ಳಿ ಬೀಜ ಒಯ್ದರೆ ತೊಂದರೆ ಉಲ್ಟಾ: ಅಲ್ಲಿಯ ಉದ್ದನೆಯ ಹಗಲಿಗೆ ಎಳೆಯ ಸಸಿಯೇ ಗೋಲಿ ಗಾತ್ರದ ಗೆಡ್ಡೆ ಕಟ್ಟಿ ಮುಗಿಸಿಬಿಡುತ್ತದೆ.

ಆದ್ದರಿಂದ ನಮ್ಮ ನೆಲದ ತಳಿಯನ್ನೇ ಕೇಳಿ ತನ್ನಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ನಿಕೇತನ್ ಹಿಂಗಾರಿಗೆ ಒಗ್ಗುತ್ತದೆ, ಕೂಡಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಮನೆಗೆ ಬೆಳೆಯುವವರಿಗೆ ನಾನು ಮೊದಲು ಹೇಳುವ ಹೆಸರು ಅದು. ಅದೇ ಸಂಸ್ಥೆಯ ಅರ್ಕಾ ಕಲ್ಯಾಣ್ ಮುಂಗಾರಿಗೆ ಹೆಸರಾದದ್ದು. ಎಲೆಯ ಮೇಲೆ ಬರುವ ನೇರಳೆ ಮಚ್ಚೆ ರೋಗವನ್ನು ಅದು ತಡೆದುಕೊಳ್ಳುತ್ತದೆ. ಬಳ್ಳಾರಿ ಕೆಂಪು, ನಾಸಿಕ್ ಕೆಂಪು ಎಂದು ಅಂಗಡಿಯಲ್ಲಿ ಸಿಗುವವೂ ನಮ್ಮ ಹಗಲಿಗೆ ಹೊಂದುವಂಥವೇ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯೂ ಚೆಂದವೇ. ಆದರೆ ಅದರ ಗೆಡ್ಡೆ ಚಿಕ್ಕದು, ಬಹುಪಾಲು ಮಲೇಷ್ಯಾ, ಸಿಂಗಪುರದ ಕಡೆಗೆ ರಫ್ತಾಗಲೆಂದೇ ಬೆಳೆಯುತ್ತಾರೆ. ತಳಿಯ ಬಗ್ಗೆ ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೇ ನಂಜನಗೂಡು ತಾಲ್ಲೂಕಿನಲ್ಲೇ ಇರುವ ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಪೊಟ್ಟಣ ಕೈಗೆ ಬಂದ ಕೂಡಲೇ ಹಿಂಬದಿ ಓದಿ. ಈರುಳ್ಳಿ ಬೀಜದ ಆಯಸ್ಸು ಕಡಿಮೆ. ಬದನೆ, ಟೊಮೆಟೊ ಬೀಜ ನಾಲ್ಕು ವರ್ಷ ಇಟ್ಟರೂ ಹುಟ್ಟಬಹುದು, ಈರುಳ್ಳಿಯದು ನಮ್ಮ ಸೆಕೆಗೆ ಒಂದು ವರ್ಷ ದಾಟಿದರೆ ಸೊರಗಲು ತೊಡಗುತ್ತದೆ. ಬೀಜ ಪರೀಕ್ಷೆ ಮಾಡಿದ ದಿನಾಂಕ, ಯಾವತ್ತಿನವರೆಗೆ ಊರ್ಜಿತ, ಮೊಳಕೆ ಪ್ರಮಾಣ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ನಮೂದಿಸಿರಲೇಬೇಕು. ನೂರಕ್ಕೆ ಕನಿಷ್ಠ 70 ಮೊಳೆಯಬೇಕೆಂಬುದು ಪ್ರಮಾಣಿತ ಬೀಜದ ಅಳತೆ. ಚಿಲ್ಲರೆಯಾಗಿ ತೂಗಿ ಕೊಡುವ, ದಿನಾಂಕವಿಲ್ಲದ ಬೀಜ ಎಷ್ಟೇ ಅಗ್ಗವಾದರೂ ಬೇಡ. ಅನುಮಾನವಿದ್ದರೆ ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಹತ್ತು ದಿನದೊಳಗೆ ಹದಿನಾಲ್ಕಾದರೂ ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ಹತ್ತೇ ಮೊಳೆತರೆ ಹೊಸ ಪೊಟ್ಟಣ ತನ್ನಿ, ಅಕ್ಟೋಬರ್ ಕಳೆದರೆ ಮತ್ತೆ ಸಿಗುವುದಿಲ್ಲ.

ಎಷ್ಟು ಬೀಜ ಬೇಕು? ಒಂದು ಗ್ರಾಂನಲ್ಲಿ ಸುಮಾರು 250 ಬೀಜಗಳಿರುತ್ತವೆ. ಹುಟ್ಟದವು, ಸಾಯುವವು ಎಲ್ಲ ಕಳೆದರೂ ನೂರು ಒಳ್ಳೆಯ ಸಸಿಗೆ ಒಂದು ಗ್ರಾಂ ಧಾರಾಳ. ನೂರು ಗಿಡಕ್ಕೆ ಬೇಕಾದ ನೆಲ ಒಂದೂವರೆ ಚದರ ಮೀಟರ್ ಮಾತ್ರ. ಚೆನ್ನಾಗಿ ಬಂದರೆ ಆರು ಕೆಜಿ ಆಸುಪಾಸು ಗೆಡ್ಡೆ ನಿರೀಕ್ಷಿಸಬಹುದು. ಮೊದಲ ವರ್ಷಕ್ಕೆ ಇದಕ್ಕಿಂತ ದೊಡ್ಡ ಆಸೆ ಬೇಡ.

ಒಟ್ಲಿಗೆ ಪಾತ್ರೆ ಯಾವುದಾದರೂ ಆದೀತು, ಎಂಟು–ಹತ್ತು ಸೆಂಟಿಮೀಟರ್ ಆಳವಿರಬೇಕು, ತಳದಲ್ಲಿ ತೂತುಗಳಿರಬೇಕು. ಹಣ್ಣಿನ ಅಂಗಡಿಯ ಹಳೆ ಕ್ರೇಟಿಗೆ ಗೋಣಿ ಹಾಸಿದರೆ ಸಾಕು. ರೇಷ್ಮೆ ಸಾಕಿದ್ದ ಮನೆಗಳಲ್ಲಿ ಹಳೆಯ ಬಿದಿರಿನ ತಟ್ಟೆ ಮೂಲೆ ಹಿಡಿದಿದ್ದರೆ ಅದೂ ಆಗುತ್ತದೆ, ಒಮ್ಮೆ ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ. ನರ್ಸರಿಯವರ ಪ್ರೋಟ್ರೇಯಲ್ಲೂ ಬೆಳೆಸಬಹುದಾದರೂ ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕುವ ಶ್ರಮ ಈರುಳ್ಳಿಗೆ ಅನಗತ್ಯ. ಇದು ಒತ್ತಾಗಿ ಬೆಳೆದು, ಕಿತ್ತು ನೆಟ್ಟರೂ ಬೇಸರವಿಲ್ಲದೆ ಬೇರು ಬಿಡುವ ಗಿಡ.

ಮಣ್ಣಿಗೆ ಮೂರು ಸಮಪಾಲು: ಜರಡಿ ಹಿಡಿದ ಕೆಮ್ಮಣ್ಣು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ, ಮತ್ತು ತೆಂಗಿನ ನಾರಿನ ಪುಡಿ. ಹಸಿ ಗೊಬ್ಬರ ಖಂಡಿತ ಬೇಡ, ಅದರ ಬಿಸಿಗೆ ಮೊಳಕೆ ಸುಡುತ್ತದೆ. ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ನೀರು ಬದಲಿಸಿ ಎರಡು ಮೂರು ಸಲ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ತರಕಾರಿಗಳಲ್ಲೇ ಈರುಳ್ಳಿ ಉಪ್ಪಿಗೆ ತೀರ ಸೂಕ್ಷ್ಮ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರು ಗಡಸು. ಕೊಡದ ಒಳಗೆ ಬಿಳಿ ಪೊರೆ ಕಟ್ಟುವ ನೀರಾದರೆ ಒಟ್ಲಿಗೆ ಬಳಸಬೇಡಿ. ಅಕ್ಟೋಬರ್‌ನಲ್ಲಿ ಸೂರಿನ ನೀರು ಬೇಕಾದಷ್ಟು ಬೀಳುತ್ತದೆ, ಒಂದು ಡ್ರಮ್ ತುಂಬಿಸಿ ಮುಚ್ಚಿಟ್ಟುಕೊಂಡರೆ ಸಸಿಯ ಒಂದೂವರೆ ತಿಂಗಳಿಗೆ ಸಾಕು. ಬಿತ್ತುವ ವಾರ ಮೊದಲೇ ಮಣ್ಣಿನ ಮಿಶ್ರಣಕ್ಕೆ ಒಂದು ಹಿಡಿ ಟ್ರೈಕೋಡರ್ಮಾ ಪುಡಿ ಬೆರೆಸಿ, ತೇವವಾಗಿಟ್ಟು, ನೆರಳಲ್ಲಿ ಗೋಣಿ ಮುಚ್ಚಿಡಿ. ಸಸಿ ಕೊಳೆಸುವ ಶಿಲೀಂಧ್ರಗಳನ್ನು ತಿಂದು ಬದುಕುವ ಶಿಲೀಂಧ್ರ ಅದು. ರೋಗ ಬಂದ ಮೇಲೆ ಹಾಕುವುದಕ್ಕಿಂತ ಮೊದಲೇ ಮಣ್ಣಲ್ಲಿ ನೆಲೆಯೂರಲು ಬಿಡುವುದು ಎಷ್ಟೋ ಮೇಲು.

ಬಿತ್ತುವ ದಿನ ತಟ್ಟೆಗೆ ಮಿಶ್ರಣ ತುಂಬಿ, ಅಂಗೈಯಿಂದ ಹಗುರಾಗಿ ಒತ್ತಿ, ಮೊದಲೇ ನೀರು ಕೊಟ್ಟು ಸೋರಲು ಬಿಡಿ. ಕಡ್ಡಿಯಿಂದ ಐದು ಸೆಂಟಿಮೀಟರ್‌ಗೊಂದು ಗೀರು ಎಳೆಯಿರಿ, ಆಳ ಒಂದು ಸೆಂಟಿಮೀಟರ್. ಗೀರಿನಲ್ಲಿ ಬೀಜಗಳ ನಡುವೆ ಅರ್ಧದಿಂದ ಒಂದು ಸೆಂಟಿಮೀಟರ್ ಬಿಟ್ಟು ಉದುರಿಸಿ. ಕಪ್ಪು ಬೀಜ ಕಾಣದಿದ್ದರೆ ಒಣ ಮರಳಿನ ಜತೆ ಕಲೆಸಿಕೊಳ್ಳಿ. ಮೇಲೆ ಸಣ್ಣ ಗೊಬ್ಬರದ ಪುಡಿ ತೆಳ್ಳಗೆ ಮುಚ್ಚಿ, ನೆನೆಸಿದ ಗೋಣಿ ಹೊದಿಸಿ ಜಗಲಿ ಮೇಲೆ ಇಡಿ. ಈರುಳ್ಳಿ ಬೀಜಕ್ಕೆ ಹಿಡಿಸುವುದು 20ರಿಂದ 25 ಡಿಗ್ರಿ ಉಷ್ಣಾಂಶ. ಅಕ್ಟೋಬರ್‌ನ ನಮ್ಮ ಜಗಲಿ ಹೆಚ್ಚುಕಮ್ಮಿ ಅದೇ ಹದದಲ್ಲಿರುತ್ತದೆ, ಬಿಸಿ ಚಾಪೆಗೆ ಹಣ ಹಾಕಬೇಕಿಲ್ಲ. ಕಾದ ಶೀಟಿನ ಕೆಳಗೆ ಮಾತ್ರ ಇಡಬೇಡಿ, 35 ಡಿಗ್ರಿ ದಾಟಿದರೆ ಮೊಳಕೆ ಕುಗ್ಗುತ್ತದೆ.

ಆರನೇ ದಿನದಿಂದ ದಿನಕ್ಕೆ ಎರಡು ಸಲ ಗೋಣಿ ಎತ್ತಿ ನೋಡಿ. ಈರುಳ್ಳಿ ತುದಿ ಮೊದಲು ಹೊರಬರುವುದಿಲ್ಲ, ನಡು ಬರುತ್ತದೆ. ಮಡಚಿದ ಮೊಣಕಾಲಿನ ಹಾಗೆ ಹಸಿರು ಎಳೆಯೊಂದು ಬಾಗಿ ಮಣ್ಣು ಒಡೆಯುತ್ತದೆ, ಆಮೇಲೆ ನಿಧಾನಕ್ಕೆ ನೆಟ್ಟಗಾಗುತ್ತಾ ತುದಿಯಲ್ಲಿ ಕಪ್ಪು ಬೀಜದ ಸಿಪ್ಪೆಯನ್ನು ಹೊತ್ತುಕೊಂಡು ನಿಲ್ಲುತ್ತದೆ. ಆ ಸಿಪ್ಪೆಯನ್ನು ಬೆರಳಿಂದ ಕೀಳಬೇಡಿ, ತಾನೇ ಬೀಳುತ್ತದೆ. ಮೊದಲ ಹತ್ತಾರು ಮೊಳಕೆ ಕಂಡ ದಿನವೇ ಗೋಣಿ ತೆಗೆಯಿರಿ. ಎಲ್ಲವೂ ಹುಟ್ಟಲಿ ಎಂದು ಎರಡು ದಿನ ಕಾದರೆ ಹುಟ್ಟಿದವು ಗೋಣಿಯ ನೂಲಿಗೆ ಸಿಕ್ಕಿ, ಬಿಳಿಚಿಕೊಂಡು, ಎಳೆದಾಗ ಕಿತ್ತು ಬರುತ್ತವೆ. ಈ ಎರಡು ದಿನದ ತಡ ಒಟ್ಲಿಗೆ ಮಾಡುವಷ್ಟು ಹಾನಿಯನ್ನು ಹುಳ ಹುಪ್ಪಟೆ ಕೂಡ ಮಾಡುವುದಿಲ್ಲ.

ಗೋಣಿ ತೆಗೆದ ಮೇಲೆ ಬೆಳಕು. ಮನೆಯೊಳಗೆ ಎಂದರೆ ಕೋಣೆಯೊಳಗೆ ಎಂದು ತಿಳಿಯಬೇಡಿ. ಕಿಟಕಿಯಿಂದ ಬರುವ ಬೆಳಕು ನಮಗೆ ಪುಸ್ತಕ ಓದಲು ಸಾಕು, ಸಸಿಗೆ ಸಾಲದು. ಎಳೆಗಳು ಉದ್ದ ಎಳೆದು, ಬಣ್ಣಗೆಟ್ಟು, ಕಿಟಕಿ ಕಡೆಗೆ ಮಲಗುತ್ತವೆ. ಹಳೆಯ ತೊಟ್ಟಿ ಮನೆ ಇರುವವರು ಪುಣ್ಯವಂತರು: ತೊಟ್ಟಿಯ ಸುತ್ತಲ ಸೂರಿನ ಅಂಚಿನಲ್ಲಿ ಮಳೆ ಹನಿ ತಾಗುವುದಿಲ್ಲ, ಆಕಾಶದ ಬೆಳಕು ಮಾತ್ರ ದಿನವಿಡೀ ಸಿಗುತ್ತದೆ. ಉಳಿದವರಿಗೆ ಪೂರ್ವಕ್ಕೆ ಮುಖಮಾಡಿದ ಜಗಲಿ, ತಾರಸಿಯಲ್ಲಿ ಪಾರದರ್ಶಕ ಶೀಟ್ ಹಾಕಿದ ಮೂಲೆ, ಅದೂ ಇಲ್ಲದಿದ್ದರೆ ಹಿತ್ತಲಲ್ಲಿ ನಾಲ್ಕು ಕೋಲು ನೆಟ್ಟು ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿದ ಪುಟ್ಟ ಚಪ್ಪರ. ಚಪ್ಪರದ ಪಕ್ಕಗಳು ತೆರೆದಿರಲಿ, ಗಾಳಿ ಆಡಬೇಕು. ದಿನಕ್ಕೆ ನಾಲ್ಕೈದು ಗಂಟೆ ಎಳೆ ಬಿಸಿಲು ತಾಗಿದರೆ ಸಸಿ ಗಟ್ಟಿಯಾಗುತ್ತದೆ. ರಾತ್ರಿ ಬಹಳ ಹೊತ್ತು ಉರಿಯುವ ಪ್ರಖರ ದೀಪದ ಕೆಳಗೆ ತಟ್ಟೆ ಇಡಬೇಡಿ. ಹಗಲಿನ ಉದ್ದ ನೋಡಿ ಗೆಡ್ಡೆ ಕಟ್ಟುವ ಗಿಡ ಇದೆಂದು ಮೇಲೆ ಹೇಳಿದೆ, ಸುಳ್ಳು ಹಗಲು ಕಂಡರೆ ಸಸಿಯಲ್ಲೇ ಬುಡ ಉಬ್ಬುವ ಸಾಧ್ಯತೆ ಇದೆ.

ನೀರನ್ನು ಬೆಳಗಿನ ಹೊತ್ತು ಕೊಡಿ, ಸಣ್ಣ ತೂತಿನ ಝಾರಿಯಿಂದ ಇಲ್ಲವೇ ಮುಚ್ಚಳಕ್ಕೆ ಸೂಜಿಯಿಂದ ಚುಚ್ಚಿದ ಬಾಟಲಿಯಿಂದ. ಮಣ್ಣಿನ ಮೇಲ್ಭಾಗ ಬಣ್ಣ ಬದಲಿಸಿ ಬೆಳ್ಳಗಾಗುವವರೆಗೆ ಮತ್ತೆ ಬೇಡ. ಮೋಡ ಕವಿದ ದಿನಗಳಲ್ಲಿ ಎರಡು ದಿನ ನೀರು ಕೊಡದಿದ್ದರೂ ನಡೆಯುತ್ತದೆ. ಸಸಿ ಸಾಯುವುದು ಹೆಚ್ಚಾಗಿ ನೀರು ಹೆಚ್ಚಾಗಿಯೇ. ನಿನ್ನೆ ನೆಟ್ಟಗಿದ್ದ ಎಳೆಗಳು ಇವತ್ತು ಒಂದು ಕಡೆ ವೃತ್ತಾಕಾರವಾಗಿ ಮಲಗಿದ್ದರೆ, ಕಿತ್ತು ನೋಡಿದಾಗ ಮಣ್ಣಿನ ಮಟ್ಟದಲ್ಲಿ ಬುಡ ಹಿಸುಕಿದಂತೆ ಸಪೂರವಾಗಿದ್ದರೆ ಅದು ಸಸಿ ಕೊಳೆ ರೋಗ. ಬಿದ್ದವು ಏಳುವುದಿಲ್ಲ. ಆ ಜಾಗದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ದೂರ ಎಸೆದು, ನೀರು ನಿಲ್ಲಿಸಿ, ತಟ್ಟೆಯನ್ನು ಗಾಳಿ ಬೆಳಕಿಗೆ ಸರಿಸಿ. ಆದರೂ ಹರಡುತ್ತಿದ್ದರೆ ಕಾಪರ್ ಆಕ್ಸಿಕ್ಲೋರೈಡನ್ನು ಲೀಟರ್ ನೀರಿಗೆ ಎರಡೂವರೆ ಗ್ರಾಂನಂತೆ ಕಲಸಿ ಬುಡ ನೆನೆಯುವಷ್ಟು ಹಾಕಬಹುದು. ಟ್ರೈಕೋಡರ್ಮಾ ಹಾಕಿದ ಮಣ್ಣಿಗೆ ಇದನ್ನು ಸುರಿದರೆ ಅದರ ಬಲವೂ ಕುಂದುತ್ತದೆ ಎಂಬುದು ನೆನಪಿರಲಿ. ಅದಕ್ಕೇ ಇದು ಕೊನೆಯ ಮದ್ದು.

ಮೂರು ವಾರಕ್ಕೆ ಎರಡನೇ ಎಲೆ ಬಂದಿರುತ್ತದೆ. ಒಂದಕ್ಕೊಂದು ತೀರ ಒತ್ತಾಗಿದ್ದರೆ ಬಲಹೀನವಾದವನ್ನು ಕಿತ್ತು ತೆಳುಗೊಳಿಸಿ. ಆಗ ಹತ್ತು ಪಾಲು ನೀರಿಗೆ ಒಂದು ಪಾಲು ಎರೆಜಲ ಬೆರೆಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಯೂರಿಯಾ ಹಾಕಿ ಬೇಗ ಬೆಳೆಸುವ ಆಸೆಗೆ ಬೀಳಬೇಡಿ, ಮೆದುವಾದ ಎಲೆಗೆ ಥ್ರಿಪ್ಸ್ ನುಸಿ ಬೇಗ ಮುತ್ತುತ್ತದೆ. ಎಲೆ ಉದ್ದವಾಗಿ ಬಾಗಿದರೆ ಕತ್ತರಿಯಿಂದ ತುದಿ ಸವರಿ ಹತ್ತು ಸೆಂಟಿಮೀಟರ್‌ಗೆ ಇಳಿಸಿ, ಬುಡ ದಪ್ಪಗಾಗುತ್ತದೆ. ಸವರಿದ ತುದಿಗಳು ಎಳೆಯ ಈರುಳ್ಳಿ ಸೊಪ್ಪೇ, ಅಕ್ಕಿ ರೊಟ್ಟಿ ಹಿಟ್ಟಿಗೆ ಹೆಚ್ಚಿ ಹಾಕಿಕೊಳ್ಳಿ.

ನಲವತ್ತರಿಂದ ನಲವತ್ತೈದು ದಿನಕ್ಕೆ ಸಸಿ ನಾಟಿಗೆ ತಯಾರು. ಗೇಣುದ್ದಕ್ಕೆ ತುಸು ಕಡಿಮೆ ಎತ್ತರ, ಪೆನ್ಸಿಲಿಗಿಂತ ಸಣ್ಣ ಬುಡ. ಇದಕ್ಕಿಂತ ಬಲಿಯಲು ಬಿಡಬಾರದು. ಎರಡು ತಿಂಗಳು ದಾಟಿದ ದಪ್ಪ ಸಸಿ ನೋಡಲು ಚೆಂದ, ಆದರೆ ಡಿಸೆಂಬರ್–ಜನವರಿಯ ಚಳಿ ಸಿಕ್ಕಿದರೆ ಗೆಡ್ಡೆಗೆ ಹೋಗಬೇಕಾದ ಸತ್ವವನ್ನು ಹೂದಂಟಿಗೆ ಕೊಟ್ಟುಬಿಡುವುದು ಅಂಥವೇ. ನಾಟಿಗೆ ಹತ್ತು ದಿನ ಮೊದಲಿನಿಂದ ತಟ್ಟೆಯನ್ನು ದಿನದಿನಕ್ಕೆ ಹೆಚ್ಚು ಹೊತ್ತು ನೇರ ಬಿಸಿಲಲ್ಲಿಟ್ಟು, ನೀರು ಕಡಿಮೆ ಮಾಡಿ. ಅಷ್ಟು ಹೊತ್ತಿಗೆ ವಿಶಾಖೆ ಮಳೆಯೂ ಮುಗಿಯುತ್ತಾ ಬಂದಿರುತ್ತದೆ.

ನಾಟಿಗೆ ಸಂಜೆ ಹೊತ್ತು ಒಳ್ಳೆಯದು. ಹಿತ್ತಲಾದರೆ ನೆಲಕ್ಕಿಂತ ಒಂದು ಗೇಣು ಎತ್ತರದ ಏರುಮಡಿ, ತಾರಸಿಯಾದರೆ ಇಪ್ಪತ್ತು ಸೆಂಟಿಮೀಟರ್ ಆಳದ ತೊಟ್ಟಿ. ತಟ್ಟೆಗೆ ನೀರು ಹಾಕಿ ಸಡಿಲಿಸಿ ಸಸಿ ಬಿಡಿಸಿಕೊಂಡು, ಉದ್ದದ ಬೇರನ್ನು ಎರಡು ಮೂರು ಸೆಂಟಿಮೀಟರ್‌ಗೆ, ಎಲೆಯನ್ನು ಮೂರರಲ್ಲೊಂದು ಪಾಲು ಕತ್ತರಿಸಿ. ಸಾಲಿನಿಂದ ಸಾಲಿಗೆ ಹದಿನೈದು, ಗಿಡದಿಂದ ಗಿಡಕ್ಕೆ ಹತ್ತು ಸೆಂಟಿಮೀಟರ್. ಬೇರು ಮುಚ್ಚಿ, ಬಿಳಿ ಬುಡ ಅರ್ಧ ಮಣ್ಣಲ್ಲಿ ಕೂರುವಷ್ಟೇ ಆಳ ಸಾಕು. ಗುಂಡಿ ತೋಡಿ ಆಳಕ್ಕೆ ಹೂತರೆ ಗೆಡ್ಡೆ ಉದ್ದುದ್ದವಾಗಿ ಬರುತ್ತದೆ. ಆವತ್ತೇ ಒಂದು ನೀರು, ಮೂರನೇ ದಿನ ಇನ್ನೊಂದು. ಮೊದಲ ವಾರ ಎಲೆಗಳು ಜೋತುಬಿದ್ದು ಸತ್ತಂತೆ ಕಂಡರೂ ಕೀಳಬೇಡಿ. ಹೊಸ ಎಲೆ ನಡುವಿನಿಂದ ಬರುತ್ತದೆ.

ಅಲ್ಲಿಂದ ಮುಂದೆ ಕಳೆ ಮತ್ತು ನೀರಿನ ಕೆಲಸ. ಈರುಳ್ಳಿಯ ಬೇರು ಮೇಲ್ಮಣ್ಣಲ್ಲೇ ಇರುವುದರಿಂದ ಕಳೆಯನ್ನು ಕೈಯಲ್ಲಿ ಕೀಳಿ, ಕುಡುಗೋಲು ಆಡಿಸಬೇಡಿ. ನಾಟಿಯಾಗಿ ಮೂರೂವರೆ ತಿಂಗಳ ಹೊತ್ತಿಗೆ ಅರ್ಧದಷ್ಟು ಗಿಡಗಳ ಕತ್ತು ತಾನಾಗಿ ಬಾಗಿ ಎಲೆ ನೆಲಕ್ಕೊರಗಿದಾಗ ಗೆಡ್ಡೆ ಬಲಿತಿದೆ ಎಂದರ್ಥ. ನೀರನ್ನು ಅದಕ್ಕೆ ಹತ್ತು ಹದಿನೈದು ದಿನ ಮುಂಚೆಯೇ ನಿಲ್ಲಿಸಿರಬೇಕು. ಕಿತ್ತ ಗೆಡ್ಡೆಯನ್ನು ಎಲೆ ಸಮೇತ ಗಾಳಿಯಾಡುವ ನೆರಳಲ್ಲಿ ಹರಡಿ, ಕತ್ತು ಪೂರ್ತಿ ಒಣಗಿದ ಮೇಲೆ ಎರಡು ಸೆಂಟಿಮೀಟರ್ ಬಿಟ್ಟು ಎಲೆ ಕತ್ತರಿಸಿ.

ಪೊಟ್ಟಣದಲ್ಲಿ ಬೀಜ ಉಳಿದಿದ್ದರೆ ಬಾಯಿ ಬಿಗಿಯಾದ ಗಾಜಿನ ಶೀಶೆಗೆ ಹಾಕಿ, ತೇವ ಹೀರಲು ಒಂದು ಚಿಟಿಕೆ ಹುರಿದ ಅಕ್ಕಿ ಬಟ್ಟೆಯಲ್ಲಿ ಕಟ್ಟಿ ಜತೆಗಿಟ್ಟು, ಮೇಲೆ ತಳಿಯ ಹೆಸರು, ದಿನಾಂಕ ಬರೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಮುಂದಿನ ಹಸ್ತ ಮಳೆಗೆ ಮುಂಚೆ ಮತ್ತೆ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿಕೊಂಡೇ ಬಿತ್ತಿ. ಅದರ ಮುಂದಿನ ವರ್ಷಕ್ಕೆ ಮಾತ್ರ ಅದನ್ನು ನಂಬಬೇಡಿ, ಹೊಸ ಪೊಟ್ಟಣ ತನ್ನಿ.